ಕಪ್ಪೆಯ ಭ್ರೂಣದಲ್ಲಿ ಶ್ವಾಸಕೋಶದ ಮೊಳಕೆ

ಚೆನ್ನೈ ನಗರದ ಉತ್ತರಕ್ಕಿರುವ ಎಣ್ಣೂರಿನಲ್ಲಿ ಕೊಸಸ್ತಲೈ ನದಿಯು ಸಮುದ್ರವನ್ನು ಸೇರುತ್ತದೆ. ಹಿಂಗಾರಿನ ಮಳೆ ಸುರಿದಾಗ ಸುತ್ತಲಿನ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ; ಕಪ್ಪೆಗಳು ಮೊಟ್ಟೆಯಿಡುವುದು ಇಂತಹ ನಿಂತ ನೀರಿನಲ್ಲಿಯೇ. ಮೊಟ್ಟೆಯೊಡೆದ ಗೊದಮೊಟ್ಟೆಯು ಕಿವಿರುಗಳಿಂದ ಉಸಿರಾಡುತ್ತದೆ, ಕಾಲು ಮೂಡಿದ ಮೇಲಷ್ಟೇ ಅದಕ್ಕೆ ಶ್ವಾಸಕೋಶ ಬರುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ನೆಲಗಪ್ಪೆಗಳ ಮಟ್ಟಿಗೆ ಇದು ಹೆಚ್ಚುಕಡಿಮೆ ಸರಿ. ಆದರೆ ಅನೇಕ ಜಾತಿಗಳಲ್ಲಿ ಶ್ವಾಸಕೋಶದ ಸಿದ್ಧತೆ ಭ್ರೂಣಾವಸ್ಥೆಯಲ್ಲಿಯೇ ಆರಂಭವಾಗುತ್ತದೆ.

ಈ ಸಿದ್ಧತೆಯನ್ನು ವಿಜ್ಞಾನಿಗಳು ವಿವರವಾಗಿ ಅಭ್ಯಸಿಸಿರುವುದು ಆಫ್ರಿಕಾ ಮೂಲದ ಝೆನೋಪಸ್ ಎಂಬ ಕಪ್ಪೆಯಲ್ಲಿ. ಅದರ ಮೊಟ್ಟೆಗಳು ದೊಡ್ಡವು. ಭ್ರೂಣವು ತಾಯಿಯ ದೇಹದ ಹೊರಗೆ, ಕಣ್ಣೆದುರಿಗೇ ಬೆಳೆಯುತ್ತದೆ. ಫಲೀಕರಣದ ಬಳಿಕ ಸುಮಾರು ಎರಡು ದಿನಗಳಲ್ಲಿ, ಆಹಾರನಾಳದ ಮುಂಭಾಗದ ಕೆಳಬದಿಯಲ್ಲಿರುವ ಕೆಲವು ಜೀವಕೋಶಗಳು ಶ್ವಾಸಾಂಗವಾಗಲು ನಿಶ್ಚಿತಗೊಳ್ಳುತ್ತವೆ.

ಈ ನಿಶ್ಚಯವು ನೆರೆಹೊರೆಯ ಜೀವಕೋಶಗಳ ಸಂವಾದದ ಫಲ. 'ಎ' ಜೀವಸತ್ವದಿಂದ ದೊರೆಯುವ ರೆಟಿನಾಯಿಕ್ ಆಮ್ಲವು ಮೊದಲು ಕೆಲಸ ಮಾಡುತ್ತದೆ. ಅದರ ಪ್ರೇರಣೆಯಿಂದ ನಾಳದ ಒಳಪದರವು ಹೆಡ್ಜ್‌ಹಾಗ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಆ ಸಂಕೇತವನ್ನು ಪಡೆದ ಸುತ್ತಲಿನ ಮಧ್ಯಪದರವು ವಿಂಟ್ ವರ್ಗದ ಪ್ರೋಟೀನುಗಳನ್ನು ಹಿಂದಿರುಗಿಸುತ್ತದೆ. ಇವುಗಳ ಜೊತೆಗೆ ಬಿ.ಎಂ.ಪಿ. 4 ಎಂಬುದೂ ಸೇರಿದಾಗ ಒಳಪದರದಲ್ಲಿ ಎನ್.ಕೆ.ಎಕ್ಸ್. 2.1 ಎಂಬ ಜೀನು ಜಾಗೃತವಾಗುತ್ತದೆ. ಇದೇ ಶ್ವಾಸಾಂಗದ ಮೊದಲ ಗುರುತು. ಪ್ರಯೋಗದಲ್ಲಿ ವಿಂಟ್ ಸಂಕೇತವನ್ನು ತಡೆದರೆ ಈ ಗುರುತು ಮೂಡುವುದಿಲ್ಲ, ಶ್ವಾಸಕೋಶವೂ ಬೆಳೆಯುವುದಿಲ್ಲ. ಹೇಳುವವರೂ ಕೇಳುವವರೂ ಒಂದೇ ಸಮಯಕ್ಕೆ ಸಿದ್ಧರಿರಬೇಕು ಎಂಬುದು ಇಲ್ಲಿನ ಸ್ವಾರಸ್ಯ.

ಮುಂದಿನ ಹಂತದಲ್ಲಿ ಶ್ವಾಸನಾಳವು ಅನ್ನನಾಳದಿಂದ ಬೇರ್ಪಡಬೇಕು. ಮಾನವ ಶಿಶುಗಳಲ್ಲಿ ಈ ಬೇರ್ಪಡೆ ತಪ್ಪಿದರೆ ಅನ್ನನಾಳವು ಕುರುಡಾಗಿ ಕೊನೆಗೊಳ್ಳಬಹುದು, ಇಲ್ಲವೇ ಶ್ವಾಸನಾಳಕ್ಕೆ ತೆರೆದುಕೊಳ್ಳಬಹುದು. ಸುಮಾರು 3,000ದಿಂದ 4,000 ಜನನಗಳಿಗೆ ಒಂದರಂತೆ ಕಂಡುಬರುವ ಈ ದೋಷಕ್ಕೆ ಜನನಾನಂತರ ತಡಮಾಡದೆ ಶಸ್ತ್ರಚಿಕಿತ್ಸೆ ಆಗಬೇಕಾಗುತ್ತದೆ. ಹೆಡ್ಜ್‌ಹಾಗ್ ಸಂಕೇತಕ್ಕೂ ಈ ಬೇರ್ಪಡೆಗೂ ಇರುವ ನಂಟು ಕಪ್ಪೆ ಹಾಗೂ ಇಲಿಗಳ ಭ್ರೂಣಗಳಲ್ಲಿಯೇ ಸ್ಪಷ್ಟವಾಯಿತು.

ಕಪ್ಪೆಯ ಮೊಟ್ಟೆಗೆ ಚಿಪ್ಪಿನ ರಕ್ಷಣೆಯಿಲ್ಲ. ನೀರಿನಲ್ಲಿರುವುದು ಭ್ರೂಣದ ಅತಿ ಸಮೀಪಕ್ಕೆ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಚಂಡಮಾರುತದ ನೆರೆಯೊಡನೆ ತೈಲವು ಎಣ್ಣೂರಿನ ಹಿನ್ನೀರಿಗೆ ಹರಡಿತ್ತು. ಇಂತಹ ಕಲುಷಿತ ನೀರಿನ ಪರೀಕ್ಷೆಗೆ ಝೆನೋಪಸ್ ಭ್ರೂಣಗಳನ್ನೇ ಬಳಸುವ ಮಾನಕ ವಿಧಾನವೊಂದಿದೆ: ಭ್ರೂಣಗಳನ್ನು ನೀರಿನ ಮಾದರಿಯಲ್ಲಿ 96 ಗಂಟೆಗಳ ಕಾಲ ಇರಿಸಿ, ಸತ್ತವೆಷ್ಟು, ಬೆಳವಣಿಗೆ ಕುಂದಿದವೆಷ್ಟು, ಅಂಗವಿಕಲವಾದವೆಷ್ಟು ಎಂದು ಎಣಿಸಲಾಗುತ್ತದೆ.