ನಿಮಗಿದು ಗೊತ್ತೇ? ಎತ್ತಿನ ಗಾಡಿಯಿಂದ ವಿಡಿಯೊ ಕಾಲ್‌ವರೆಗೆ

ಬೆಂಗಳೂರಿನ ಎಂಜಿನಿಯರುಗಳು ಸಾಗರದಾಚೆಯವರ ಜೊತೆ ಒಂದೇ ಆಫೀಸಿನವರಂತೆ ಕೆಲಸ ಮಾಡಲು ಬೇಕಾದ ಸಲಕರಣೆ ಬಂದದ್ದು ಎತ್ತಿನ ಗಾಡಿಯಲ್ಲಿ! 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ನೆಲೆಯೂರಿತು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಇಲ್ಲಿ ಬರೆದ ಸಾಫ್ಟ್‌ವೇರ್ ಅಮೆರಿಕಕ್ಕೆ ಬೇಗ ತಲುಪಬೇಕೆಂದರೆ ಉಪಗ್ರಹ ಸಂಪರ್ಕವೇ ಗತಿ. ಅದರ ಉಪಕರಣವನ್ನು ಗಾಡಿಗೆ ಹೇರಿ ತರುತ್ತಿರುವ ಫೋಟೊ ಇಂದಿಗೂ ಐಟಿ ಮಂದಿಯ ನಡುವೆ ಕೈಯಿಂದ ಕೈಗೆ ಓಡಾಡುತ್ತಿದೆ.

ಅದಕ್ಕೂ ಮೊದಲು, 1981ರಲ್ಲಿ, ಇಸ್ರೊದ ‘ಆ್ಯಪಲ್’ ಸಂಪರ್ಕ ಉಪಗ್ರಹವೂ ಎತ್ತಿನ ಗಾಡಿ ಏರಿತ್ತು. ಆ ಚಿತ್ರ ನೋಡಿ ‘ಪಾಪ, ಲಾರಿಗೂ ದುಡ್ಡಿರಲಿಲ್ಲ’ ಎಂದುಕೊಂಡವರು ಬಹಳ. ಅಸಲು ಕಾರಣ ವಿಜ್ಞಾನದ್ದು. ಆಂಟೆನಾ ಪರೀಕ್ಷೆಗೆ ಲೋಹದ ಗೊಡವೆಯಿಲ್ಲದ ವೇದಿಕೆ ಬೇಕಿತ್ತು. ಲಾರಿಯ ಕಬ್ಬಿಣ ಸಂಕೇತವನ್ನು ಕೆಡಿಸುತ್ತದೆ, ಮರದ ಗಾಡಿ ಕೆಡಿಸುವುದಿಲ್ಲ.

ಮುಖ ನೋಡಿಕೊಂಡು ಫೋನಿನಲ್ಲಿ ಮಾತಾಡುವುದು ಮೊಬೈಲ್ ಬಂದ ಮೇಲಿನ ಸಂಗತಿ ಎಂದುಕೊಂಡಿದ್ದೀರಾ? ಜರ್ಮನಿಯಲ್ಲಿ 1936ರಲ್ಲೇ ಬರ್ಲಿನ್ ಮತ್ತು ಲೈಪ್‌ಜಿಗ್ ನಡುವೆ ಸಾರ್ವಜನಿಕರಿಗೆ ಆ ಸೌಲಭ್ಯವಿತ್ತು. 1964ರಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ‘ಪಿಕ್ಚರ್‌ಫೋನ್’ ತಂದಿತು. ನ್ಯೂಯಾರ್ಕಿನಿಂದ ವಾಷಿಂಗ್ಟನ್‌ಗೆ ಮೂರು ನಿಮಿಷಕ್ಕೆ 16 ಡಾಲರ್. 1970ರಲ್ಲಿ ಪಿಟ್ಸ್‌ಬರ್ಗ್‌ನ ಆಫೀಸುಗಳಿಗೆ ತಿಂಗಳಿಗೆ 160 ಡಾಲರ್ ಬಾಡಿಗೆ. ಬೆರಳೆಣಿಕೆಯ ಗಿರಾಕಿಗಳಷ್ಟೇ ಸಿಕ್ಕರು. ಆ ಕಡೆಯವರ ಮೇಜಿನ ಮೇಲೂ ಅದೇ ಯಂತ್ರ ಇರದಿದ್ದರೆ ನಿಮ್ಮದು ಇದ್ದು ಏನು ಬಂತು?

‘ಸ್ಕ್ರೀನ್ ಶೇರ್ ಮಾಡ್ತಿದ್ದೀನಿ, ಕಾಣಿಸ್ತಿದೆಯಾ?’ ಈ ಪ್ರಶ್ನೆಗೆ ಅರ್ಧ ಶತಮಾನ ದಾಟಿದ ಹಿನ್ನೆಲೆಯಿದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಭಾಂಗಣದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಸಂಶೋಧಕ ದೊಡ್ಡ ಪರದೆಯ ಮುಂದೆ ಕುಳಿತರು. ಸುಮಾರು 30 ಮೈಲಿ ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಮುಖ ಪರದೆಯ ಮೇಲೆ ಮೂಡಿತು. ಇಬ್ಬರೂ ಒಂದೇ ಕಡತವನ್ನು ನೋಡುತ್ತಾ, ಮಾತಾಡುತ್ತಾ, ಕೂಡಿ ಕೆಲಸ ಮಾಡಿ ತೋರಿಸಿದರು. ಕಂಪ್ಯೂಟರ್ ಮೌಸ್ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದೂ ಅದೇ ದಿನ. ನಮ್ಮ ಇಂದಿನ ಸೋಮವಾರದ ಮೀಟಿಂಗಿನ ಸಾಮಗ್ರಿಯೆಲ್ಲ ಅಲ್ಲಿತ್ತು. ಅದು ಮನೆಮನೆಗೆ ಬರಲು ಮಾತ್ರ ಒಂದು ತಲೆಮಾರೇ ಸರಿಯಿತು.

ಗುಂಪು ಚಾಟ್? ಅದು 1973ರದ್ದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ‘ಟಾಕೊಮ್ಯಾಟಿಕ್’ನಲ್ಲಿ ಐದು ಜನ ಒಟ್ಟಿಗೆ ಹರಟಬಹುದಿತ್ತು. ನೀವು ಒತ್ತಿದ ಅಕ್ಷರ ಆ ಕ್ಷಣವೇ ಎಲ್ಲರಿಗೂ ಕಾಣುತ್ತಿತ್ತು, ಅಳಿಸಿದ್ದು ಕೂಡ! ಆಫೀಸ್ ಚಾಟ್‌ಗಳಲ್ಲಿ ಚಾನೆಲ್ ಹೆಸರಿನ ಮುಂದೆ ಬರುವ # ಗುರುತು ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಿಂದ ಬಂದ ಬಳುವಳಿ. ಅಲ್ಲಿನ ಯಾರ್ಕೊ ಒಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ಕಟ್ಟಿದ ಐಆರ್‌ಸಿ ಚಾಟ್‌ನಲ್ಲಿ ಆ ರೂಢಿ ಬೆಳೆಯಿತು.

ಆಫೀಸ್ ಚಾಟ್ ಆ್ಯಪ್ ಸ್ಲ್ಯಾಕ್ ಹುಟ್ಟಿದ್ದು ಸೋತ ಆಟವೊಂದರ ಬೂದಿಯಲ್ಲಿ. ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತು ಗೆಳೆಯರು ‘ಗ್ಲಿಚ್’ ಎಂಬ ಆನ್‌ಲೈನ್ ಆಟ ಕಟ್ಟಿದ್ದರು. ಆಡುವವರು ಸಾಲದೆ 2012ರಲ್ಲಿ ಅದನ್ನು ಮುಚ್ಚಬೇಕಾಯಿತು. ಉಳಿದದ್ದು, ತಂಡದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಚಾಟ್ ವ್ಯವಸ್ಥೆ. 2014ರಲ್ಲಿ ಅದೇ ಸ್ಲ್ಯಾಕ್ ಆಗಿ ಹೊರಬಂತು. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 2,770 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬಟರ್‌ಫೀಲ್ಡ್‌ಗೆ ಇದು ಎರಡನೇ ಸಲ. ಫೋಟೊ ತಾಣ ಫ್ಲಿಕರ್ ಕೂಡ ಅವರ ಇನ್ನೊಂದು ಸೋತ ಆಟದಿಂದಲೇ ಹುಟ್ಟಿತ್ತು. ಇನ್ನೊಂದು ಚಾಟ್ ಆ್ಯಪ್ ಡಿಸ್ಕಾರ್ಡ್ ಕಟ್ಟಿದವರೂ ಮೊದಲು ಆಟ ಮಾಡಿ ಕೈಸುಟ್ಟುಕೊಂಡವರೇ.

ಜೂಮ್ ಸ್ಥಾಪಕ ಎರಿಕ್ ಯುವಾನ್‌ಗೆ ಅಮೆರಿಕದ ವೀಸಾ ಎಂಟು ಸಲ ತಿರಸ್ಕೃತವಾಗಿತ್ತು. ಒಂಬತ್ತನೇ ಸಲ ಸಿಕ್ಕಿತು, 1997ರಲ್ಲಿ ಹೋದರು. ಚೀನಾದಲ್ಲಿ ಓದುತ್ತಿದ್ದಾಗ ಪ್ರೇಯಸಿಯನ್ನು ನೋಡಲು ಹತ್ತು ಗಂಟೆ ರೈಲಿನಲ್ಲಿ ಕೂರಬೇಕಿತ್ತು, ಕೂತಲ್ಲಿಂದಲೇ ಮುಖ ನೋಡುವಂತಿದ್ದರೆ ಎಂಬ ಆಸೆ ಆಗಲೇ ಚಿಗುರಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದಲ್ಲಿ ಅವರು ಮೊದಲು ಕೆಲಸಕ್ಕೆ ಸೇರಿದ ಆನ್‌ಲೈನ್ ಮೀಟಿಂಗ್ ಕಂಪನಿ ವೆಬೆಕ್ಸ್‌ನ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಭಾರತ ಮೂಲದ ಸುಬ್ರಾ ಅಯ್ಯರ್. 2019ರ ಡಿಸೆಂಬರ್‌ನಲ್ಲಿ ಜೂಮ್ ಮೀಟಿಂಗ್‌ಗಳ ದೈನಿಕ ಹಾಜರಿ 1 ಕೋಟಿ. ಕೋವಿಡ್ ಬಂತು. ಮೂರೇ ತಿಂಗಳಲ್ಲಿ, 2020ರ ಮಾರ್ಚ್‌ಗೆ, ಅದು 20 ಕೋಟಿ.

ಇನ್ನು ಸ್ಕೈಪ್. 2003ರಲ್ಲಿ ಹುಟ್ಟಿತು, ಎಸ್ಟೋನಿಯಾದ ಹುಡುಗರು ಅದರ ಸಾಫ್ಟ್‌ವೇರ್ ಬರೆದರು. 2025ರ ಮೇ 5ರಂದು ಮೈಕ್ರೊಸಾಫ್ಟ್ ಅದನ್ನು ಮುಚ್ಚಿತು. ವಿದೇಶದಲ್ಲಿದ್ದ ಮಕ್ಕಳ ಮುಖವನ್ನು ಎಷ್ಟೋ ಅಪ್ಪ ಅಮ್ಮಂದಿರಿಗೆ ಮೊದಲು ತೋರಿಸಿದ್ದು ಅದೇ. ಆ ಋಣ ದೊಡ್ಡದು.

ಜಗತ್ತಿನ ಮೊದಲ ವೆಬ್‌ಕ್ಯಾಮ್ ನೋಡುತ್ತಿದ್ದದ್ದು ಕಾಫಿಯನ್ನು! 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಮೆಟ್ಟಿಲಿಳಿದು ಹೋದಾಗ ಪಾತ್ರೆ ಬರಿದಾಗಿರುವುದನ್ನು ಕಂಡು ಬೇಸತ್ತು, ಅದರ ಮುಂದೆ ಕ್ಯಾಮೆರಾ ಇಟ್ಟರು. 2001ರವರೆಗೂ ಅದು ನಡೆಯಿತು.

ವಿಡಿಯೊ ಮೀಟಿಂಗಿನಲ್ಲಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ‘ಹೇಳಿ ಹೇಳಿ’, ‘ಇಲ್ಲ ಇಲ್ಲ, ನೀವು ಹೇಳಿ’ ಎಂದು ಮತ್ತೆ ಇಬ್ಬರೂ ಸುಮ್ಮನಾಗುವುದೇಕೆ? ಎದುರುಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ, ಸುಮಾರು 200 ಮಿಲಿಸೆಕೆಂಡ್. ಹತ್ತು ಬೇರೆಬೇರೆ ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದಲ್ಲಿ ಕಂಡ ಸಂಗತಿ ಇದು. ಇಂಟರ್ನೆಟ್ಟಿನ ವಿಳಂಬ ಇದೇ ಬಿಡುವಿನೊಳಗೆ ನುಗ್ಗಿ ಕೂರುತ್ತದೆ. 2014ರಲ್ಲಿ ಜರ್ಮನಿಯ ಸಂಶೋಧಕರು ಕಂಡುಕೊಂಡದ್ದು ಇನ್ನೂ ಗಂಭೀರ: ಮಾತು 1.2 ಸೆಕೆಂಡ್ ತಡವಾದರೆ ಸಾಕು, ಕೇಳುವವರು ಲೈನನ್ನು ದೂರುವ ಬದಲು ಆ ಮನುಷ್ಯನನ್ನೇ ಕಡಿಮೆ ಸ್ನೇಹಪರ, ಕಡಿಮೆ ಗಮನದವ ಎಂದು ಎಣಿಸುತ್ತಾರೆ. ಹಳ್ಳಿಯ ಮನೆಯ ಜಗುಲಿಯಲ್ಲಿ, ಸಿಗ್ನಲ್ ಹುಡುಕಿಕೊಂಡು ಇಂಟರ್‌ವ್ಯೂಗೆ ಕೂತ ಹುಡುಗಿಗೆ ಇದರಿಂದ ಎಷ್ಟು ಅನ್ಯಾಯವಾಗಬಹುದು ಎಂದು ಯೋಚಿಸಿ. ನೀವು ಸಂದರ್ಶಕರ ಜಾಗದಲ್ಲಿದ್ದರೆ, ದಯವಿಟ್ಟು ಎರಡು ಸೆಕೆಂಡ್ ಹೆಚ್ಚು ಕಾಯಿರಿ.

ಈ ವಿಳಂಬವನ್ನು ನಮ್ಮ ಸಂಗೀತದ ಮೇಷ್ಟ್ರುಗಳಷ್ಟು ಹತ್ತಿರದಿಂದ ಕಂಡವರು ಕಡಿಮೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತು ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಸರಳೆ, ಜಂಟಿ ವರಸೆ ಹೇಳಿಕೊಡುವಾಗ ಗುರು ಶಿಷ್ಯರು ಒಟ್ಟಿಗೆ ಹಾಡಲು ಆಗುವುದೇ ಇಲ್ಲ. ಆಪ್ಟಿಕಲ್ ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್. ನೇರ ದಾರಿ ಹಿಡಿದರೂ ಒಂದು ದಿಕ್ಕಿಗೇ 70 ಮಿಲಿಸೆಕೆಂಡ್ ಹೋಯಿತು. ತಾಳ ತಪ್ಪಲು 30 ಮಿಲಿಸೆಕೆಂಡ್ ಆಸುಪಾಸಿನ ವಿಳಂಬವೇ ಸಾಕು. ಎಷ್ಟು ಒಳ್ಳೆಯ ನೆಟ್ ಇದ್ದರೂ ಬೆಳಕಿನ ವೇಗವನ್ನು ಮೀರಲಾಗದು. ಹಾಗಾಗಿ ಗುರು ಹಾಡಿ ನಿಲ್ಲಿಸುತ್ತಾರೆ, ಶಿಷ್ಯೆ ಆಮೇಲೆ ಹಾಡುತ್ತಾಳೆ. ಇನ್ನೊಂದು ತೊಡಕು ತಂಬೂರಿಯದ್ದು. ಫ್ಯಾನಿನ ಸದ್ದಿನಂತೆ ಎಡೆಬಿಡದೆ ಬರುವ ದನಿಯನ್ನು ಆ್ಯಪ್ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ಶ್ರುತಿಯೂ ಎಡೆಬಿಡದೆ ಬರುವಂಥದ್ದೇ ಅಲ್ಲವೇ? ಪಾಠದ ಹೊತ್ತಿನಲ್ಲಿ ಶ್ರುತಿ ಮಾಯವಾಗುತ್ತಿದ್ದರೆ ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಆನ್ ಮಾಡಿ. ಸಂಗೀತದವರಿಗೆಂದೇ ಇರುವ ಸೌಲಭ್ಯ ಅದು.

ಚಾಟ್ ಸಂದೇಶ ರಿಜಿಸ್ಟರ್ಡ್ ಪೋಸ್ಟ್ ಇದ್ದಂತೆ. ತಲುಪಿದ ಖಾತರಿ ಸಿಗುವವರೆಗೂ ಮತ್ತೆಮತ್ತೆ ಕಳಿಸಲಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಹಾಗಲ್ಲ. ದಾರಿಯಲ್ಲಿ ಕಳೆದುಹೋದ ಚೂರಿಗೆ ಸಾಮಾನ್ಯವಾಗಿ ಯಾರೂ ಕಾಯುವುದಿಲ್ಲ. ತಡವಾಗಿ ಬಂದ ಅರ್ಧ ಅಕ್ಷರ ಇಟ್ಟುಕೊಂಡು ಏನು ಮಾಡುವುದು? ಮಾತು ನಡುನಡುವೆ ಕತ್ತರಿಸಿದಂತೆ ಕೇಳುವುದು ಅದಕ್ಕೇ. ಅಂಥ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಿ. ಬರೀ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೋಬಿಟ್ ಸಾಕು, ವಿಡಿಯೊಗೆ ಅದರ ಹತ್ತು ಪಟ್ಟಿಗೂ ಮಿಕ್ಕಿ ಬೇಕು.

ನಿಮ್ಮ ಬೆನ್ನ ಹಿಂದಿನ ಕ್ಯಾಲೆಂಡರಿನ ಅಕ್ಷರಗಳು ತೆರೆಯ ಮೇಲೆ ತಿರುಗುಮುರುಗಾಗಿ ಕಂಡರೆ ಗಾಬರಿ ಬೇಡ. ನಿಮಗೆ ಕಾಣುವುದು ಕನ್ನಡಿಯ ಬಿಂಬ, ಎದುರಿನವರಿಗೆ ಅಕ್ಷರ ಸರಿಯಾಗಿಯೇ ಕಾಣುತ್ತದೆ.

ದಿನವಿಡೀ ಆ ಬಿಂಬ ನೋಡುತ್ತಾ ಕೂರುವುದೇ ದಣಿವಿನ ಒಂದು ಮೂಲ ಎಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್‌ಸನ್ 2021ರಲ್ಲಿ ಬರೆದರು. ಇನ್ನೂ ಮೂರು ಕಾರಣ ಕೊಟ್ಟರು: ತೀರಾ ಹತ್ತಿರದಿಂದ ದಿಟ್ಟಿಸುವಂತೆ ಕಾಣುವ ಮುಖಗಳು, ಕೂತಲ್ಲೇ ಕೂರುವ ಕಟ್ಟು, ತಲೆದೂಗಿ ಹೂಂಗುಟ್ಟುವುದನ್ನೂ ಪ್ರಯತ್ನಪಟ್ಟು ಮಾಡಬೇಕಾದ ಶ್ರಮ. ಸ್ವಂತ ಮುಖ ಮರೆಮಾಡುವ ಆಯ್ಕೆ ಜೂಮ್‌ನಲ್ಲಿದೆ, ಬಳಸಿ. ಹಾಗೆಯೇ ಅದರಲ್ಲಿ ಮ್ಯೂಟ್ ಆಗಿದ್ದಾಗ ಸ್ಪೇಸ್ ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನಿಮ್ಮ ದನಿ ಕೇಳುತ್ತದೆ. ಕೈಬಿಟ್ಟರೆ ಮತ್ತೆ ಮ್ಯೂಟ್. ಕುಕ್ಕರ್ ಕೂಗುವ ಮನೆಯಲ್ಲಿ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ.

ಕೋರ್ಟು ಕೂಡ ಒಂದು ಕೆಲಸದ ಜಾಗವೇ. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ವಿಡಿಯೊ ವಿಚಾರಣೆಗೆ ಮಾರ್ಗಸೂಚಿ ಕೊಟ್ಟಿತು. ನಮ್ಮ ಕರ್ನಾಟಕ ಹೈಕೋರ್ಟ್ 2021ರ ಮೇ ತಿಂಗಳಲ್ಲಿ ಕಲಾಪದ ನೇರ ಪ್ರಸಾರವನ್ನೂ ಪ್ರಯೋಗವಾಗಿ ಆರಂಭಿಸಿತು. ದೂರದ ಕಕ್ಷಿದಾರ ತನ್ನ ಊರಲ್ಲೇ ಕೂತು ಬೆಂಗಳೂರಿನ ಕೋರ್ಟ್ ಹಾಲ್ ನೋಡುವುದು ಸಣ್ಣ ಮಾತಲ್ಲ. ಆದರೆ 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ಆನ್‌ಲೈನ್ ಕಲಾಪಕ್ಕೆ ನುಗ್ಗಿ ಅಶ್ಲೀಲ ದೃಶ್ಯ ಬಿತ್ತರಿಸಿದರು. ಹೈಕೋರ್ಟ್ ಕೆಲಕಾಲ ಈ ಸೌಲಭ್ಯವನ್ನೇ ನಿಲ್ಲಿಸಬೇಕಾಯಿತು. ಮೀಟಿಂಗ್ ಲಿಂಕನ್ನು ಸಿಕ್ಕಸಿಕ್ಕ ಗ್ರೂಪಿಗೆ ಹಾಕುವವರು, ವೇಟಿಂಗ್ ರೂಮ್ ಇಡದವರು ಇದನ್ನು ನೆನಪಿಡಬೇಕು.

ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9ರ ಮೀಟಿಂಗ್ ಅಲ್ಲಿನ ಬೇಸಿಗೆಯಲ್ಲಿ ನಮಗೆ ರಾತ್ರಿ 9.30. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ಇಟ್ಟಕೂಡಲೇ ರಾತ್ರಿ 10.30. ನಮ್ಮ ಗಡಿಯಾರ ಅಲುಗದಿದ್ದರೂ ನಮ್ಮ ನಿದ್ದೆ ಅಲುಗುತ್ತದೆ. ಡ್ಯೂಟಿ ಮುಗಿದ ಮೇಲೆ ಸಂದೇಶಕ್ಕೆ ಉತ್ತರಿಸದಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲೇ ಇದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ. ಆಗಬೇಕಿತ್ತು.

ಹೆಬ್ಬೆರಳಿಗೂ ಬೆಲೆಯಿದೆ! ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರೈತರೊಬ್ಬರು ಮೊಬೈಲಿಗೆ ಬಂದ ಅಗಸೆ ಮಾರಾಟದ ಒಪ್ಪಂದದ ಫೋಟೊಗೆ 👍 ಒತ್ತಿದ್ದರು. ಅದು ಸಹಿಗೆ ಸಮ ಎಂದ ಕೋರ್ಟ್, 2023ರಲ್ಲಿ, ಮಾಲು ಕೊಡದ ಕಾರಣಕ್ಕೆ ಖರೀದಿದಾರರಿಗೆ 82,000 ಕೆನಡಾ ಡಾಲರ್‌ಗೂ ಮೇಲ್ಪಟ್ಟು ಪರಿಹಾರ ಕೊಡಿಸಿತು.

2020ರಲ್ಲಿ ಕೇಂದ್ರ ಸರ್ಕಾರ ದೇಶಿ ವಿಡಿಯೊ ಕಾನ್ಫರೆನ್ಸ್ ಆ್ಯಪ್‌ಗೆಂದು ಸ್ಪರ್ಧೆ ಇಟ್ಟಾಗ ಗೆದ್ದು 1 ಕೋಟಿ ರೂಪಾಯಿ ಪಡೆದದ್ದು ಕೇರಳದ ಆಲಪ್ಪುಳದ ಸಣ್ಣ ಕಂಪನಿ ಟೆಕ್‌ಜೆನ್ಷಿಯಾ. ಆ್ಯಪ್ ಹೆಸರು ವಿ-ಕನ್ಸೋಲ್. ಜೊಹೊ ಕಂಪನಿಯ ಚಾಟ್ ಆ್ಯಪ್ ‘ಅರಟ್ಟೈ’ ಹೆಸರು ತಮಿಳಿನದು. ನಮ್ಮ ‘ಹರಟೆ’ಯ ಒಡಹುಟ್ಟು ಅದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. 2024ರ ಆರಂಭದಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಕಾಂಗ್ ಕಚೇರಿಯ ಉದ್ಯೋಗಿಗೆ ಒಂದು ಇಮೇಲ್ ಬಂತು, ಗುಟ್ಟಾಗಿ ಹಣ ಕಳಿಸಬೇಕೆಂದು. ಅನುಮಾನ ಬಂತು. ಆಮೇಲೆ ವಿಡಿಯೊ ಮೀಟಿಂಗ್. ಹಣಕಾಸಿನ ಮುಖ್ಯಸ್ಥರ ಮುಖ, ಪರಿಚಿತ ಸಹೋದ್ಯೋಗಿಗಳ ಮುಖ, ಅವರವರದೇ ದನಿ. ಅನುಮಾನ ಕರಗಿತು. ಹದಿನೈದು ಕಂತಿನಲ್ಲಿ 20 ಕೋಟಿ ಹಾಂಕಾಂಗ್ ಡಾಲರ್ ಹೋಯಿತು, ನಮ್ಮ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮೇಲೆ. ತೆರೆಯ ಮೇಲಿದ್ದ ಆ ಮುಖಗಳೆಲ್ಲ ಡೀಪ್‌ಫೇಕ್, ಅಂದರೆ ಕಂಪ್ಯೂಟರ್ ಹೆಣೆದ ನಕಲಿ. ಅಸಲಿ ಮನುಷ್ಯ ಎಂದು ಅಲ್ಲಿದ್ದದ್ದು ಮೋಸ ಹೋದವರೊಬ್ಬರೇ.

ನಮ್ಮಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಹಿಡಿದಿರುವುದೂ ಇದೇ ದಾರಿ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ತೆರೆಯ ಮೇಲೆ ಎಷ್ಟೇ ಪರಿಚಿತ ಮುಖ ಕಂಡರೂ, ದುಡ್ಡಿನ ಮಾತು ಬಂದೊಡನೆ ಕಾಲ್ ಕಟ್ ಮಾಡಿ. ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರ ಮೊಬೈಲಿನಲ್ಲೂ ಆ ಸಂಖ್ಯೆಯನ್ನು ಇವತ್ತೇ ಸೇವ್ ಮಾಡಿಕೊಡಿ.