ಬಿರಿದ ಎರೆ ನೆಲವೂ ಮನೆಯ ಅರ್ಥಿಂಗೂ

ರೋಣ, ನರಗುಂದದ ಎರೆ ಹೊಲಗಳು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತವೆ. ರೈತರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಆ ಬಿರುಕಿಗೂ ಮನೆಯ ವಾಷಿಂಗ್ ಮಷಿನ್ನಿಗೂ ನಂಟಿದೆ: ಮಷಿನ್ನಿನ ಮೈಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಹೂತಿರುವುದು ಇದೇ ಮಣ್ಣಿನಲ್ಲಿ.

ಹಸಿ ಎರೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಒಣಗಿದಾಗ ಅದೇ ಮಣ್ಣು ಕುಗ್ಗಿ, ಹೂತಿಟ್ಟ ಅರ್ಥಿಂಗ್ ರಾಡಿನಿಂದಲೇ ಸರಿದು ನಿಲ್ಲುತ್ತದೆ. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ಕಲ್ಲುನೆಲದಲ್ಲಂತೂ ರಾಡು ಇಳಿಸುವುದೇ ಕಷ್ಟ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹಾಕುವುದು ತೇವ ಉಳಿಯಲೆಂದು. ಮನೆ ಕಟ್ಟಿದ ವರ್ಷ ನೀರು ಹಾಕಿ ಆಮೇಲೆ ಮರೆತುಬಿಟ್ಟರೆ ಆ ಗುಂಡಿ ಹೆಸರಿಗಷ್ಟೇ.

‘ಎಂಸಿಬಿ ಹಾಕಿಸೇವಿ, ಇನ್ನೇನ್ ಅಂಜಿಕಿ?’ ಎನ್ನುವವರು ಊರೂರಲ್ಲಿದ್ದಾರೆ. ಈ ನಂಬಿಕೆ ಅಪಾಯದ್ದು. ಎಂಸಿಬಿ ಎಂದರೆ ಕರೆಂಟು ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್ಚು. ಒಣಗಿದ ಅರ್ಥಿಂಗಿನ ಪ್ರತಿರೋಧ 20 ಓಮ್ ಎಂದುಕೊಳ್ಳಿ. ಮಷಿನ್ನಿನ ಮೈಗೆ 230 ವೋಲ್ಟಿನ ಫೇಸ್ ತಾಗಿದರೆ ನೆಲಕ್ಕೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಗೀಸರ್ ಹಚ್ಚಿದಷ್ಟೇ ಸಹಜ, ಬೀಳುವುದೇ ಇಲ್ಲ. ಮಷಿನ್ನಿನ ಮೈಯಲ್ಲಿ ಕರೆಂಟು ಹಾಗೇ ಉಳಿಯುತ್ತದೆ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು, ಮನುಷ್ಯರನ್ನು ಕಾಯಲಿಕ್ಕಲ್ಲ.

ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು. ಅದರೊಳಗಿನ ಜಾಣತನ ನಿಜಕ್ಕೂ ಸೊಗಸು. ಫೇಸ್, ನ್ಯೂಟ್ರಲ್ ಎರಡೂ ಒಂದೇ ಕಾಂತದ ಬಳೆಯೊಳಗಿಂದ ಹಾಯುತ್ತವೆ. ಹೋದಷ್ಟು ಕರೆಂಟು ಮರಳಿದರೆ ಎರಡರ ಕಾಂತಬಲ ಒಂದನ್ನೊಂದು ಅಳಿಸಿಹಾಕುತ್ತದೆ, ಬಳೆ ಸುಮ್ಮನಿರುತ್ತದೆ. ಯಾರದೋ ಮೈಮೂಲಕ ಒಂದಿಷ್ಟು ನೆಲಕ್ಕಿಳಿಯಿತೋ, ಲೆಕ್ಕ ತಪ್ಪಿ ಬಳೆಗೆ ಸುತ್ತಿದ ಸಣ್ಣ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ, ಸ್ವಿಚ್ಚು ಬೀಳುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರ್ ಸೋರಿದರೆ ಬೀಳುವಂಥದ್ದು. 60 ವಾಟಿನ ಹಳೇ ಬಲ್ಬು ಎಳೆಯುವುದೇ 260 ಮಿಲಿಆಂಪಿಯರ್! ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಗಂಡಸರು ಸರಾಸರಿ 16 ಮಿಲಿಆಂಪಿಯರ್ ದಾಟಿದರೆ ಹಿಡಿದ ತಂತಿಯನ್ನು ಬಿಡಲಾರರು ಎಂದು ಕಂಡುಕೊಂಡಿದ್ದರು. 1961ರಲ್ಲಿ ಅಮೆರಿಕದ ಮನೆಗಳಿಗೆ ಇಂಥ ಸಾಧನ ರೂಪಿಸಿದವರೂ ಅವರೇ.

ಅರ್ಥಿಂಗ್ ಒಣಗಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಮಾತ್ರ ಅದು ಉಳಿಸಲಾರದು. ಮತ್ತೆ ಮತ್ತೆ ಬೀಳುತ್ತದೆಂದು ಅದನ್ನೇ ಕಿತ್ತು ಹಾಕಿಸುವುದು ಶುದ್ಧ ತಪ್ಪು; ಎಲ್ಲೋ ಸೋರಿಕೆಯಿದೆ, ಇಲ್ಲವೇ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸಿದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಮನೆಗಳಿಗೆ ನುಗ್ಗಿತ್ತು. ಹಾಗೆ ನೆಂದ ಬೋರ್ಡುಗಳನ್ನು ಬಿಚ್ಚಿ ಒಣಗಿಸಿ, ಪರೀಕ್ಷೆ ಮಾಡಿಸದೆ ಮೇನ್ ಸ್ವಿಚ್ ಹಾಕಲೇಬಾರದು.

ಇಷ್ಟಾದರೂ ಸಡಿಲ ಜೋಡಣೆಯೊಂದು ಒಳಗೇ ಕಾದು ಹೊಗೆಯಾಡಿದರೆ ಎರಡೂ ಸ್ವಿಚ್ಚುಗಳಿಗೆ ತಿಳಿಯುವುದಿಲ್ಲ. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಮಗ್ಗ, ನೂಲು, ನಿದ್ದೆ ಎಲ್ಲಾ ಒಂದೇ ಸೂರಿನಡಿ. ಅಲ್ಲಿ ಬೆಳಕಿನ ಚದುರುವಿಕೆಯಿಂದ ಹೊಗೆ ಗುರುತಿಸುವ, ಬ್ಯಾಟರಿಯ ಅಲಾರಂ ಒಂದು ಬೇಕೇ ಬೇಕು. ಮಲಗುವ ಕೋಣೆಯ ಹೊರಗಿನ ಚಾವಣಿಗೆ ಅದನ್ನು ಹಾಕಿಸಬೇಕು. ಅಡುಗೆಮನೆಯಲ್ಲಿಟ್ಟರೆ ಮೆಣಸಿನಕಾಯಿ ಒಗ್ಗರಣೆಗೆಲ್ಲ ಕೂಗಿ, ಎರಡೇ ದಿನಕ್ಕೆ ಅದರ ಬ್ಯಾಟರಿ ಯಾರೋ ತೆಗೆದಿಟ್ಟಿರುತ್ತಾರೆ.