ಪೊಟರೆ ಇಲ್ಲದ ಮರ, ಮನೆ ಇಲ್ಲದ ಹಕ್ಕಿ

ಹೂಮಳೆ ಬಿದ್ದು ಎಂಟು ಹತ್ತು ದಿನ ಕಳೆದರೆ ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಅದೇ ದಿನಗಳಲ್ಲಿ ಕಪ್ಪು ಬಿಳುಪಿನ ಪುಟ್ಟ ಹಕ್ಕಿಯೊಂದು ಮನೆಯಂಗಳದ ಮರದ ತುದಿಯಲ್ಲಿ ಬಾಲ ನಿಮಿರಿಸಿ ಕುಳಿತು, ಬೆಳಕು ಹರಿಯುವ ಮೊದಲೇ ಹಾಡಲು ತೊಡಗುತ್ತದೆ. ಅದೇ ಮಡಿವಾಳ ಹಕ್ಕಿ. ಈ ಜಾಗ ತನ್ನದೆಂದು ಗಂಡು ಸಾರುವ ಹಾಡು ಅದು. ಆದರೆ ಹಾಡಿದ ಮಾತ್ರಕ್ಕೆ ಸಂಸಾರ ಸಾಗುತ್ತದೆಯೇ? ಮೊಟ್ಟೆಯಿಡಲು ಮರದ ಪೊಟರೆಯೋ, ಗೋಡೆಯ ಸಂದೋ ಬೇಕು. ಈಗ ಅದಕ್ಕೇ ಬರ ಬಂದಿದೆ.

ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳಲ್ಲಿ ಎರಡು ವರ್ಗ. ಕುಟ್ರು ಹಕ್ಕಿ, ಮರಕುಟಿಗಗಳು ಒಣಗಿದ ಅಥವಾ ಮೆದು ಮರವನ್ನು ಕೊರೆದು ಸ್ವಂತ ಮನೆ ಕಟ್ಟಿಕೊಳ್ಳುತ್ತವೆ. ಮಡಿವಾಳ, ಮೈನಾ, ಗಿಳಿ, ಹಾಲಕ್ಕಿಗಳಿಗೆ ಈ ಬಡಗಿತನ ಬಾರದು. ಅವು ಬಿಟ್ಟುಹೋದ ಮನೆಗಳಿಗೆ ಬರುವ ಬಾಡಿಗೆದಾರರು. ಮಂಗಟ್ಟೆ ಹಕ್ಕಿಗಂತೂ ಹಳೆಯ ಹೆಮ್ಮರದ ದೊಡ್ಡ ಪೊಟರೆಯೇ ಆಗಬೇಕು. ಹೆಣ್ಣು ಒಳಗೆ ಸೇರಿ, ಕಿರಿದಾದ ಸೀಳೊಂದನ್ನು ಬಿಟ್ಟು ಬಾಗಿಲು ಮೆತ್ತಿಕೊಂಡು ಕೂರುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಉಣಿಸುತ್ತದೆ.

ನೆರಳು ಬದಲಾಯಿತು

ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಇಲ್ಲಿ ಕಾಫಿ ನೆರಳಿನ ಬೆಳೆಯಾಗಿಯೇ ಬೆಳೆಯಿತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಕಾಡಿನ ಅತ್ತಿ, ಬಸರಿ, ಹಲಸು, ನೇರಳೆ, ನಂದಿ ಮರಗಳನ್ನು ಉಳಿಸಿಕೊಂಡೇ ತೋಟ ಮಾಡಿದರು. ಜೊತೆಗೆ ಮೆದು ಮರವಾದ ಹಾಲವಾಣ ನೆಟ್ಟರು. ಹೀಗಾಗಿ ಕಾಡು ತೋಟವಾದರೂ ಹಕ್ಕಿಗೆ ಮನೆ ತಪ್ಪಲಿಲ್ಲ.

ಮುಂದೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ತೋಟಗಳನ್ನು ತುಂಬಿತು. ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯದು, ಕಷ್ಟಕಾಲದಲ್ಲಿ ಕಡಿದು ಮಾರಲು ಕಾಡುಮರಗಳಷ್ಟು ಅನುಮತಿಯ ತೊಡಕೂ ಇಲ್ಲ. ಬೆಳೆಗಾರರ ಲೆಕ್ಕ ತಪ್ಪೆನ್ನಲಾಗದು. ಆದರೆ ಪೊಟರೆ ಬೀಳಲು ಮರಕ್ಕೆ ವಯಸ್ಸಾಗಬೇಕು. ಸಿಲ್ವರ್ ಓಕ್ ಮುದಿಯಾಗುವ ಮೊದಲೇ ಲಾರಿ ಹತ್ತುತ್ತದೆ. ಇತ್ತ ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಬಂದು, ಗುಬ್ಬಚ್ಚಿ ನೆಚ್ಚಿಕೊಂಡಿದ್ದ ಸೂರಿನ ಸಂದುಗಳೂ ಮುಚ್ಚಿದವು.

ಮರದ ಪೆಟ್ಟಿಗೆಯ ಕೃತಕ ಗೂಡು ಇದಕ್ಕೊಂದು ಪರಿಹಾರ. 2010ರಿಂದ ಮಾರ್ಚ್ 20ರಂದು ಗುಬ್ಬಚ್ಚಿ ದಿನ ಆಚರಿಸಲು ಆರಂಭವಾದ ಮೇಲೆ ಇಂಥ ಪೆಟ್ಟಿಗೆ ನಮ್ಮ ಊರುಗಳಲ್ಲೂ ಪರಿಚಿತವಾಗಿದೆ. ಆದರೆ ತೂಗುಹಾಕಿದ ಮೇಲೆ ಅದರತ್ತ ತಿರುಗಿ ನೋಡುವವರು ಕಡಿಮೆ.

ಅಮೆರಿಕದ ಪಾಠ

ಅಮೆರಿಕದ ಜನ ಇದೇ ತೊಂದರೆಯನ್ನು ಬಹಳ ಹಿಂದೆಯೇ ಕಂಡಿದ್ದರು. ಅಲ್ಲಿನ ಮುದ್ದಿನ ನೀಲಿಹಕ್ಕಿ ‘ಬ್ಲೂಬರ್ಡ್’ ಕೂಡ ಪೊಟರೆವಾಸಿ. ಹಳೆಯ ಮರಗಳು ಹೋದವು. ಮರದ ಬೇಲಿಗೂಟಗಳ ಜಾಗಕ್ಕೆ ಕಬ್ಬಿಣದ ಕಂಬಗಳು ಬಂದವು. ಸಾಲದ್ದಕ್ಕೆ, ಯುರೋಪಿನಿಂದ 1850ರ ದಶಕದಲ್ಲಿ ಗುಬ್ಬಚ್ಚಿಯನ್ನೂ 1890ರಲ್ಲಿ ಸ್ಟಾರ್ಲಿಂಗ್ ಎಂಬ ಹಕ್ಕಿಯನ್ನೂ ತಂದು ನ್ಯೂಯಾರ್ಕ್‌ನಲ್ಲಿ ಬಿಟ್ಟರು. ಉಳಿದಿದ್ದ ಪೊಟರೆಗಳನ್ನು ಅವು ಆಕ್ರಮಿಸಿದವು. ನಮ್ಮಲ್ಲಿ ಎಲ್ಲರ ಕನಿಕರಕ್ಕೆ ಪಾತ್ರವಾದ ಗುಬ್ಬಚ್ಚಿ ಅಲ್ಲಿ ಖಳನಾಯಕ!

ಇಲಿನಾಯ್ ರಾಜ್ಯದ ಥಾಮಸ್ ಮಸಲ್‌ಮನ್ 1934ರಲ್ಲಿ ರಸ್ತೆಯುದ್ದಕ್ಕೂ ಸಾಲಾಗಿ ಗೂಡುಪೆಟ್ಟಿಗೆ ಕಟ್ಟುವ ಕ್ರಮ ತಂದರು. 1978ರಲ್ಲಿ ಲಾರೆನ್ಸ್ ಜೆಲೆನಿ ಅವರ ಮುಂದಾಳತ್ವದಲ್ಲಿ ನೀಲಿಹಕ್ಕಿಗಾಗಿಯೇ ಒಂದು ಸಂಘ ಹುಟ್ಟಿತು. ಮನೆಯ ಹಿತ್ತಿಲಲ್ಲಿ ಪೆಟ್ಟಿಗೆ ಇಟ್ಟ ಸಾಮಾನ್ಯರೇ ಆ ಹಕ್ಕಿಯನ್ನು ಮತ್ತೆ ಮೇಲಕ್ಕೆತ್ತಿದರು. ಅವರು ಕಲಿತ ಪಾಠ ಒಂದೇ: ನೋಡಿಕೊಳ್ಳುವವರಿಲ್ಲದ ಪೆಟ್ಟಿಗೆ ಬೇಡದ ಹಕ್ಕಿಯ ಪಾಲಾಗುತ್ತದೆ, ಇಲ್ಲವೇ ಹಾವಿನ ಬುತ್ತಿಯಾಗುತ್ತದೆ.

ಪೆಟ್ಟಿಗೆ ಹೇಗಿರಬೇಕು?

ಮುಕ್ಕಾಲು ಇಂಚು ದಪ್ಪದ ಹಲಗೆ ಸಾಕು. ತಗಡು ಬೇಡ, ಬಿಸಿಲಿಗೆ ಮರಿ ಬೆಂದುಹೋಗುತ್ತದೆ. ಒಳಗೆ ಬಣ್ಣ, ವಾರ್ನಿಷ್ ಕೂಡದು. ಒಳಮೈ ಒರಟಾಗಿದ್ದರೆ ಮರಿ ಕಾಲೂರಿ ಬಾಗಿಲಿಗೆ ಏರಬಲ್ಲದು. ಗುಬ್ಬಚ್ಚಿಗೆ ಒಂದೂಕಾಲು ಇಂಚಿನ ತೂತು ಸಾಕು, ಮಡಿವಾಳಕ್ಕೆ ಇನ್ನಷ್ಟು ದೊಡ್ಡದು ಬೇಕು. ತೂತಿನ ಕೆಳಗೆ ಕೂರಲು ಕಡ್ಡಿ ಸಿಕ್ಕಿಸುವುದು ನೋಡಲು ಚೆಂದ, ಆದರೆ ಅದು ಕಾಗೆಗೆ ಅನುಕೂಲ. ಮಲೆನಾಡಿನ ಮಳೆಗೆ ಇಳಿಜಾರಾಗಿ ಮುಂದೆ ಚಾಚಿದ ಮಾಡು, ತಳದಲ್ಲಿ ನೀರು ಬಸಿಯಲು ಸಣ್ಣ ರಂಧ್ರಗಳು ಇರಲೇಬೇಕು. ಬಾಗಿಲು ಮುಂಗಾರಿನ ಗಾಳಿಗೆ ಬೆನ್ನು ಮಾಡಿರಲಿ. ಒಂದು ಪಕ್ಕದ ಹಲಗೆ ತೆರೆಯುವಂತಿರಲಿ. ಕೇರೆ ಹಾವು ಮರ ಹತ್ತುವುದರಲ್ಲಿ ನಿಸ್ಸೀಮ. ಆದ್ದರಿಂದ ಪೆಟ್ಟಿಗೆಯನ್ನು ಕಂಬಕ್ಕೆ ಕಟ್ಟಿ, ಕಂಬಕ್ಕೆ ಅಗಲವಾದ ತಗಡು ಸುತ್ತುವುದು ಕ್ಷೇಮ.

ಇನ್ನು ನೋಡುವ ಕ್ರಮ. ವಾರಕ್ಕೊಮ್ಮೆ, ಮಳೆಯಿಲ್ಲದ ಹೊತ್ತಿನಲ್ಲಿ, ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲದೆ ನೋಡಬೇಕು. ಮೊದಲು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರೆ ತಾಯಿಹಕ್ಕಿ ಹೊರಗೆ ಹಾರುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಆದರೆ ಗೂಡು ಕಟ್ಟುವಾಗ, ಮೊಟ್ಟೆಯಿಡುವಾಗ ಮತ್ತೆ ಮತ್ತೆ ಕಾಟ ಕೊಟ್ಟರೆ ಹಕ್ಕಿ ಜಾಗ ಬಿಟ್ಟು ಹೋಗುವುದುಂಟು. ಮರಿಗೆ ಹತ್ತು ಹನ್ನೆರಡು ದಿನವಾದ ಮೇಲೆ ತೆರೆಯಲೇಬಾರದು. ಬೆದರಿದ ಮರಿ ರೆಕ್ಕೆ ಬಲಿಯುವ ಮೊದಲೇ ಹೊರಗೆ ಹಾರಿಬಿಡುತ್ತದೆ. ಮರಿಗಳೆಲ್ಲ ಹೊರಟ ಮೇಲೆ ಹಳೆಯ ಗೂಡನ್ನು ತೆಗೆದು ಸ್ವಚ್ಛ ಮಾಡಿದರೆ ಅದರಲ್ಲಿ ಸೇರಿದ ಉಣ್ಣೆ, ಹೇನುಗಳ ಕಾಟ ಮುಂದಿನ ಸಂಸಾರಕ್ಕೆ ತಪ್ಪುತ್ತದೆ.

ನೋಡಿದ್ದನ್ನು ಬರೆದಿಡುವುದು ಇನ್ನೂ ಮುಖ್ಯ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಬೆನ್ನುಹತ್ತಿ ‘ಕನ್ನಡ ನಾಡಿನ ಹಕ್ಕಿಗಳು’ ಬರೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ಪದವಿ ಪಡೆದ ಪಕ್ಷಿವಿಜ್ಞಾನಿಯಲ್ಲ. ಒಂದು ನೋಟ್‌ಬುಕ್, ಕೊಂಚ ತಾಳ್ಮೆ ಇದ್ದರೆ ಸಾಕು. ಏಪ್ರಿಲ್ 1ರಂದು ಮಡಿವಾಳದ ಮೊದಲ ಮೊಟ್ಟೆ ಕಂಡಿತೆನ್ನಿ. ದಿನಕ್ಕೊಂದರಂತೆ ನಾಲ್ಕು ಮೊಟ್ಟೆ. ಕಾವಿಗೆ ಕೂತು ಎರಡು ವಾರದೊಳಗೆ, ಅಂದರೆ 17ರ ಸುಮಾರಿಗೆ ಮರಿ. ಮತ್ತೆ ಎರಡು ವಾರ ಕಳೆದರೆ, ಮೇ ಮೊದಲ ವಾರದಲ್ಲಿ ಗೂಡು ಖಾಲಿ.

ಈ ಲೆಕ್ಕ ಬರೀ ಕುತೂಹಲಕ್ಕಲ್ಲ. ಮುಂಗಾರಿಗೆ ಮುನ್ನ ತೋಟಗಳಲ್ಲಿ ಮರಗಸಿ ಶುರುವಾಗುತ್ತದೆ. ನೆರಳು ಬಿಡಿಸಲು ಕೊಂಬೆ ಕಡಿಯುವ ಈ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಕತ್ತಿ ಹಿಡಿದು ಮರ ಹತ್ತಿದವನಿಗೆ ಪೊಟರೆಯೊಳಗೆ ಏನಿದೆಯೆಂದು ತಿಳಿಯುವುದು ಕೊಂಬೆ ನೆಲಕ್ಕೆ ಬಿದ್ದ ಮೇಲೆಯೇ. ಯಾವ ಮರದಲ್ಲಿ ಗೂಡಿದೆ, ಅದು ಎಂದು ಖಾಲಿಯಾಗುತ್ತದೆ ಎಂಬುದು ನೋಟ್‌ಬುಕ್‌ನಲ್ಲಿದ್ದರೆ ಆ ಒಂದು ಮರವನ್ನು ಎರಡು ವಾರ ಮುಂದಕ್ಕೆ ಹಾಕಬಹುದು. ಕಾಫಿಗೆ ಅದರಿಂದ ನಷ್ಟವೇನೂ ಆಗದು.

ಪೆಟ್ಟಿಗೆ ಎಷ್ಟಾದರೂ ಬದಲಿ ವ್ಯವಸ್ಥೆ. ಮಂಗಟ್ಟೆಗೆ, ಮರ ಕೊರೆದೇ ಮನೆ ಮಾಡುವ ಕುಟ್ರುವಿಗೆ ಈ ಪುಟ್ಟ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಮನೆಗೂ ದಾರಿಗೂ ಅಪಾಯವಿಲ್ಲದ ಕಡೆ ಒಣಗಿ ನಿಂತ ಹಾಲವಾಣವೊಂದನ್ನು, ಟೊಳ್ಳಾದ ಹಳೆಯ ಅತ್ತಿಯೊಂದನ್ನು ಸೌದೆಗೆಂದು ಕಡಿಯದೆ ಬಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ಈ ವರ್ಷ ಕುಟ್ರು ಕೊರೆದ ಮನೆಯಲ್ಲಿ ಮುಂದೊಂದು ವರ್ಷ ಮಡಿವಾಳ ಸಂಸಾರ ಹೂಡೀತು. ಹೂಮಳೆಯ ಮರುದಿನದ ಬೆಳಗಿನ ಹಾಡು ಆಗ ನಮ್ಮ ಅಂಗಳದಲ್ಲೇ ಕೇಳೀತು.